ಸೊಂಟಕ್ಕೆ ಮುಕ್ಕಾಲು ಕೇಜಿ ಧೈರ್ಯ!

ಅರಸೀಕೆರೆಯ ಕೊಬ್ಬರಿ ಮಂಡಿಗಳಲ್ಲಿ ಈಚೆಗೆ ಒಂದು ಮಾತು ಓಡಾಡುತ್ತಿದೆ. ಸಂಜೆ ಗಲ್ಲಾಪೆಟ್ಟಿಗೆ ಎಣಿಸುವ ಹೊತ್ತಿಗೆ ಯಾರಾದರೊಬ್ಬರು ಎತ್ತಿಯೇ ಎತ್ತುತ್ತಾರೆ. "ಕಾಲ ಕೆಟ್ಟೋಯ್ತು ಕಣ್ರೀ, ಲೈಸನ್ಸ್ ಮಾಡಿಸಿ ಒಂದು ಪಿಸ್ತೂಲ್ ಇಟ್ಕೊಂಬಿಡಬೇಕು." ಬೇಲೂರಿನ ಅಂಗಡಿ ಬೀದಿಯಲ್ಲೂ ಇದೇ ಮಾತು, ಹಳೇಬೀಡಿನ ಬಸ್ ನಿಲ್ದಾಣದ ಟೀ ಅಂಗಡಿಯಲ್ಲೂ ಇದೇ ಮಾತು.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂಗೆ ದುಡ್ಡು ತುಂಬಲು ಬಂದವರ ಮೇಲೆ ಹಾಡುಹಗಲೇ ಗುಂಡು ಹಾರಿಸಿ, ಜೀವ ತೆಗೆದು, ದುಡ್ಡಿನ ಪೆಟ್ಟಿಗೆಯನ್ನ ಬೈಕಿನ ಮೇಲೆ ಇಟ್ಕೊಂಡು ಹೋದರು. ಮಾರನೇ ದಿನವೇ ಮಂಗಳೂರಿನ ಹತ್ತಿರ ಕೋಟೆಕಾರಿನ ಸಹಕಾರಿ ಬ್ಯಾಂಕಿಗೆ ಬಂದೂಕು ಹಿಡಿದು ನುಗ್ಗಿದರು. ಇಂಥದ್ದನ್ನ ಓದಿದ ವ್ಯಾಪಾರಸ್ಥ ರಾತ್ರಿ ಅಂಗಡಿಯ ಬಾಗಿಲು ಎಳೆಯುವಾಗ ಎರಡು ಸಲ ಹಿಂದೆ ತಿರುಗಿ ನೋಡಿದರೆ ಅವನನ್ನ ಹೇಡಿ ಅನ್ನೋಕೆ ಆಗಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ.

ಆದರೆ ಪಿಸ್ತೂಲಿನ ಮಾತು ಬಂದಾಗ ಎಲ್ಲರೂ ಬೆಲೆ ಕೇಳುತ್ತಾರೆ, ಲೈಸನ್ಸಿನ ಖರ್ಚು ಕೇಳುತ್ತಾರೆ. ಅದನ್ನ ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ಮೈಮೇಲೆ ಎಲ್ಲಿ ಇಟ್ಕೋತೀರಿ ಅನ್ನೋದನ್ನ ಮಾತ್ರ ಯಾರೂ ಕೇಳಲ್ಲ. ಬೀರುವಿನಲ್ಲಿ ಬೀಗ ಹಾಕಿ ಇಟ್ಟ ಪಿಸ್ತೂಲು ದಾರಿಯಲ್ಲಿ ಬರುವ ಕಳ್ಳನಿಗೆ ಏನೂ ಮಾಡಲ್ಲ. ಸೊಂಟದಲ್ಲಿ ಇರಬೇಕು ಅಂದರೆ ಅದಕ್ಕೊಂದು ಒರೆ ಬೇಕು. ಇಂಗ್ಲಿಷಿನವರು ಹೋಲ್‌ಸ್ಟರ್ ಅಂತಾರೆ, ನಮ್ಮ ಪೊಲೀಸರ ಬಾಯಲ್ಲಿ ಪೌಚು. ಈ ಒರೆ ನಮ್ಮ ಉಡುಪಿಗೆ, ನಮ್ಮ ಬಸ್ಸಿಗೆ, ನಮ್ಮ ಸೆಕೆಗೆ ಒಗ್ಗುತ್ತಾ ಅಂತ ನೋಡಬೇಕು ಅನ್ನಿಸಿತು. ನೋಡಿದ್ದಾಯಿತು. ಅದರ ವರದಿ ಇದು.

ಮೊದಲು ಕಾನೂನು ಏನನ್ನುತ್ತೆ?

ಪಿಸ್ತೂಲಿನ ಲೈಸನ್ಸು ಅಂದರೆ ರೇಷನ್ ಕಾರ್ಡಲ್ಲ ಸ್ವಾಮಿ. ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಬೇಕು. ಪೊಲೀಸ್ ವರದಿ ಆಗಬೇಕು. ಬಂದೂಕು ಸುರಕ್ಷಿತವಾಗಿ ಬಳಸೋದು ಗೊತ್ತು ಅಂತ ತರಬೇತಿಯ ಸರ್ಟಿಫಿಕೇಟ್ ತೋರಿಸಬೇಕು. "ನನಗೆ ಬೇಕು" ಅಂದರೆ ಸಾಲದು, ಬೇಕಾದ ಕಾರಣ ಅವರಿಗೆ ಒಪ್ಪಿಗೆ ಆಗಬೇಕು. 2019ರ ತಿದ್ದುಪಡಿ ಬಂದ ಮೇಲೆ ಲೈಸನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು, ಒಬ್ಬರ ಹತ್ತಿರ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮದುವೆ ದಿಬ್ಬಣದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಶೋಕಿ ಮಾಡಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ.

ಇಷ್ಟು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. 2016ರ ಆಯುಧ ನಿಯಮಗಳ 32ನೇ ನಿಯಮ ಹೇಳೋದು ಹೀಗೆ. ಪಿಸ್ತೂಲನ್ನ ಸಾರ್ವಜನಿಕ ಜಾಗಕ್ಕೆ ಒಯ್ಯಬೇಕಾದರೆ ಅದಕ್ಕೇ ಮಾಡಿದ ಒರೆಯಲ್ಲಿ ಇಟ್ಟು ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೇ ಬೆನ್ನುಚೀಲದಂಥ ಚೀಲದಲ್ಲಿ ಇಟ್ಟಿರಬೇಕು. ಅದು ಪೂರ್ತಿ ಮುಚ್ಚಿರಬೇಕು. ಹೊತ್ತವನ ಹಿಡಿತದಲ್ಲೇ ಇರಬೇಕು. ಸಾರ್ವಜನಿಕವಾಗಿ ಝಳಪಿಸೋದು ಕಟ್ಟುನಿಟ್ಟಾಗಿ ನಿಷಿದ್ಧ.

ಅಂದರೆ ಸಿನಿಮಾ ಹೀರೋ ಥರ ಸೊಂಟದಲ್ಲಿ ಹಿಡಿ ಕಾಣೋ ಹಾಗೆ ಸಿಕ್ಕಿಸಿಕೊಂಡು ಬಿ.ಎಚ್. ರಸ್ತೆಯಲ್ಲಿ ನಡೆಯೋಕೆ ಇಲ್ಲ. ಜೇಬಲ್ಲಿ ಸುಮ್ಮನೆ ಇಳಿಬಿಟ್ಟುಕೊಳ್ಳೋಕೂ ಇಲ್ಲ. ಒರೆ ಬೇಕು, ಮೇಲೆ ಬಟ್ಟೆ ಬೇಕು, ಕೈಯ ಅಂಕೆಯಲ್ಲೂ ಇರಬೇಕು. ಈ ಮೂರೂ ಒಟ್ಟಿಗೆ ಆಗುತ್ತಾ?

ಗುಜರಿ ಕಬ್ಬಿಣದ ಪಿಸ್ತೂಲು

ಈ ವರದಿಗಾರನ ಹತ್ತಿರ ಪಿಸ್ತೂಲೂ ಇಲ್ಲ, ಲೈಸನ್ಸೂ ಇಲ್ಲ, ಕಾಯಬೇಕಾದಷ್ಟು ದುಡ್ಡೂ ಇಲ್ಲ. ಸೇನೆಯಿಂದ ನಿವೃತ್ತರಾದ ಪರಿಚಯದವರೊಬ್ಬರು ತಮ್ಮ ಹಳೇ ಚರ್ಮದ ಖಾಲಿ ಒರೆ ಕೊಟ್ಟರು. ಒಳಗೆ ಇಡೋಕೆ ಗುಜರಿ ಅಂಗಡಿಯಿಂದ 'ಎಲ್' ಆಕಾರದ ಒಂದು ಕಬ್ಬಿಣದ ತುಂಡು ತಂದು ಬಟ್ಟೆ ಸುತ್ತಿದ್ದಾಯಿತು. ಸರ್ಕಾರಿ ಕಾರ್ಖಾನೆಯ .32 ರಿವಾಲ್ವರು ಸುಮಾರು 700 ಗ್ರಾಂ ತೂಗುತ್ತೆ. 2014ರಲ್ಲಿ ಹೆಂಗಸರಿಗೆ ಅಂತ ಕಾನ್ಪುರದಲ್ಲಿ ಮಾಡಿದ 'ನಿರ್ಭೀಕ್' 500 ಗ್ರಾಂ. ಆಗಲೇ ಅದರ ಬೆಲೆ ಲಕ್ಷದ ಮೇಲೆ ಇಪ್ಪತ್ತು ಸಾವಿರ ದಾಟಿತ್ತು. ನಮ್ಮ ಕಬ್ಬಿಣದ ತುಂಡನ್ನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ ಮುಕ್ಕಾಲು ಕೇಜಿಗೆ ಕೊಂಚ ಕಮ್ಮಿ. ಗುಂಡು ತುಂಬಿದ ರಿವಾಲ್ವರಿಗೆ ಸರಿಸಮ.

ಮುಕ್ಕಾಲು ಕೇಜಿ ಅಂದರೆ ಏನು ಮಹಾ? ಕೈಯಲ್ಲಿ ಹಿಡಿದರೆ ಏನೂ ಅಲ್ಲ. ಸೊಂಟದ ಒಂದೇ ಪಕ್ಕಕ್ಕೆ ಹನ್ನೆರಡು ಗಂಟೆ ಕಟ್ಟಿಕೊಂಡು ನೋಡಿ, ಆಗ ಗೊತ್ತಾಗುತ್ತೆ.

ಮೊದಲ ದಿನ ಪಂಚೆ. ನಮ್ಮ ಮಂಡಿ ಯಜಮಾನರ ಉಡುಪು ಅದೇ ತಾನೆ? ಪಂಚೆಯ ಮೇಲೆ ಬೆಲ್ಟು ಕಟ್ಟಿ ಒರೆ ಏರಿಸಿದರೆ ಕಾಲು ಗಂಟೆಗೆ ಬಲಪಕ್ಕ ಜಾರಿ, ಪಂಚೆ ಒಂದು ಕಡೆ ಮೊಣಕಾಲಿಗೆ, ಇನ್ನೊಂದು ಕಡೆ ನೆಲಕ್ಕೆ. ಪಂಚೆಗೆ ಈ ಭಾರ ಹೊರುವ ಶಕ್ತಿ ಇಲ್ಲ. ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಹಾಕೋಣ ಅಂದರೆ ಅದು ಒರೆ ಅಲ್ಲ, ಕಾನೂನು ಒಪ್ಪಲ್ಲ. ಒಪ್ಪಿದರೂ ಆಪತ್ತಿನ ಹೊತ್ತಲ್ಲಿ ಪಂಚೆ ಎತ್ತಿ ಪಿಸ್ತೂಲು ತೆಗೆಯೋ ಹೊತ್ತಿಗೆ ಮಾನವೂ ಹೋಗುತ್ತೆ, ದುಡ್ಡೂ ಹೋಗುತ್ತೆ. ಆ ಜೇಬು ನಮ್ಮ ಹಿರಿಯರು ನೋಟು ಬಚ್ಚಿಡೋಕೆ ಕಂಡುಹಿಡಿದದ್ದು. ಅದಕ್ಕೆ ಅದು ಇವತ್ತಿಗೂ ಸೈ.

ಎರಡನೇ ದಿನ ಪ್ಯಾಂಟು, ದಪ್ಪ ಬೆಲ್ಟು. ಬೆಲ್ಟಿನ ಹೊರಗೆ ಒರೆ ಹಾಕಿದರೆ ನಿಂತಾಗ ಹಿತವೇ. ಆದರೆ ಶರಟಿನ ಕೆಳಗೆ ತೆಂಗಿನಕಾಯಿ ಇಟ್ಟಂತೆ ಉಬ್ಬು. ಟೀ ಅಂಗಡಿಯಲ್ಲಿ ಲೋಟ ತೊಗೊಳ್ಳೋಕೆ ಕೈ ಚಾಚಿದರೆ ಶರಟು ಮೇಲಕ್ಕೆ ಹೋಗಿ ಒರೆಯ ತುದಿ ಹೊರಗೆ. "ಪೂರ್ತಿ ಮುಚ್ಚಿರಬೇಕು" ಅನ್ನುವ ನಿಯಮ ಒಂದು ಲೋಟ ಟೀಗೆ ಮುರಿದುಬಿತ್ತು.

ಮೂರನೇ ದಿನ ಒರೆಯನ್ನ ಪ್ಯಾಂಟಿನ ಒಳಗೆ ಸಿಕ್ಕಿಸಿದ್ದಾಯಿತು. ಚೆನ್ನಾಗಿ ಮುಚ್ಚುತ್ತೆ, ಯಾರಿಗೂ ಕಾಣಲ್ಲ. ಆದರೆ ನಮ್ಮ ಪ್ಯಾಂಟು ನಮ್ಮ ಸೊಂಟಕ್ಕೆ ಹೊಲಿಸಿದ್ದು, ಒರೆಗೂ ಸೇರಿಸಿ ಹೊಲಿಸಿದ್ದಲ್ಲ. ಎರಡು ಇಂಚು ಹೆಚ್ಚು ಸುತ್ತಳತೆ ಬೇಕು. ಮುಂದುಗಡೆ ಇಟ್ಟರೆ ಬಗ್ಗಿದಾಗ ಹೊಟ್ಟೆಗೆ ಹಿಡಿ ತಿವಿಯುತ್ತೆ, ಕೂತಾಗ ತುದಿ ತೊಡೆಸಂದಿಗೆ ಒತ್ತುತ್ತೆ. ಹಿಂದುಗಡೆ ಇಟ್ಟರೆ ಕುರ್ಚಿಗೆ ಒರಗೋಕೆ ಆಗಲ್ಲ. ಮಂಡಿಯ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವವರ ಗತಿ ಕೇಳಲೇಬೇಡಿ. ಅರ್ಧ ಗಂಟೆ ಕೂತು ಎದ್ದರೆ ಪಕ್ಕೆಯಲ್ಲಿ ಬರೆ.

ಇನ್ನು ಕಂಕುಳಲ್ಲಿ ತೂಗುಹಾಕುವ ಒರೆ. ಅದಕ್ಕೆ ಮೇಲೆ ಕೋಟು ಬೇಕು. ಏಪ್ರಿಲ್ ಬಿಸಿಲಲ್ಲಿ ಅರಸೀಕೆರೆಯಲ್ಲಿ ಕೋಟು ಹಾಕೋರು ಮದುಮಗ ಮತ್ತು ವಕೀಲರು, ಇಬ್ಬರೇ. ಮೂರನೆಯವನು ಹಾಕಿದರೆ ಊರೆಲ್ಲ ಅವನ ಕಂಕುಳನ್ನೇ ನೋಡುತ್ತೆ. ಕಾಲಿನ ಗಿಣ್ಣಿಗೆ ಕಟ್ಟುವ ಒರೆಯೂ ಉಂಟು. ಬಗ್ಗಿ ಪ್ಯಾಂಟು ಎತ್ತಿ ತೆಗೆಯೋವರೆಗೆ ಕಳ್ಳ ಕಾಯಬೇಕು ಅಷ್ಟೆ.

ಇದಕ್ಕೆಲ್ಲ ಬೆವರಿನ ಕಾಟ ಬೇರೆ. ಚರ್ಮದ ಒರೆ ಬೆವರು ಕುಡಿಯುತ್ತೆ. ಬೆವರಲ್ಲಿ ಉಪ್ಪಿದೆ, ಉಪ್ಪು ಉಕ್ಕಿಗೆ ಶತ್ರು. ಮೂರೇ ದಿನಕ್ಕೆ ನಮ್ಮ ಗುಜರಿ ತುಂಡಿಗೆ ಸುತ್ತಿದ ಬಟ್ಟೆಯ ಮೇಲೆ ತುಕ್ಕಿನ ಕಲೆ ಬಿತ್ತು. ಈಗ ಗಟ್ಟಿ ಪ್ಲಾಸ್ಟಿಕ್ಕಿನ ಒರೆ ಬಂದಿದೆ, ಬೆವರು ಕುಡಿಯಲ್ಲ. ಆದರೆ ಅದರ ಅಂಚು ಬರಿ ಮೈಗೆ ತಾಗಿದರೆ ತರಚುತ್ತೆ, ಒಳಗೆ ಬನಿಯನ್ ಬೇಕೇ ಬೇಕು.

ಬಸ್ಸೆಂಬ ಪರೀಕ್ಷೆ

ನಿಜವಾದ ಪರೀಕ್ಷೆ ಆದದ್ದು ನಾಲ್ಕನೇ ದಿನ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮೇಲೆ ಬೇಲೂರಿಗೆ ಬಸ್ಸು. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಇಲ್ಲದ ಮೇಲೆ ಬಸ್ಸುಗಳು ತುಂಬಿ ಹೋಗುತ್ತಿವೆ. ಹೋಗಲಿ, ಒಳ್ಳೇದೇ. ಆದರೆ ಆ ನೂಕುನುಗ್ಗಲಲ್ಲಿ ನಿಂತವನ ಬಲಸೊಂಟಕ್ಕೆ ಎಷ್ಟು ಜನರ ಮೊಣಕೈ, ಎಷ್ಟು ಚೀಲ, ಎಷ್ಟು ಮಕ್ಕಳ ತಲೆ ತಾಗುತ್ತೆ ಅಂತ ಲೆಕ್ಕ ಇಡೋಕೆ ಆಗಲ್ಲ. ಜಾವಗಲ್ಲಿನಲ್ಲಿ ಹತ್ತಿದ ಅಜ್ಜಿಯೊಬ್ಬರು ಆಧಾರಕ್ಕೆ ಅಂತ ಇದೇ ಪಕ್ಕ ಹಿಡ್ಕೊಂಡು, "ಏನ್ ಮಗಾ ಇದು, ಇಷ್ಟು ಗಟ್ಟಿ ಐತೆ?" ಅಂತ ಕೇಳಿಯೇಬಿಟ್ಟರು. "ಕಬ್ಬಿಣ ಕಣಜ್ಜಿ" ಅಂದರೆ, "ಸೊಂಟ್ದಾಗೆ ಕಬ್ಬಿಣ ಯಾಕಪ್ಪಾ? ದೆವ್ವಗಿವ್ವ ಏನಾದ್ರೂ?" ಅಂತ ಕನಿಕರಪಟ್ಟರು.

ಇದು ನಗುವ ಮಾತಲ್ಲ. ಒಳಗೆ ಇದ್ದದ್ದು ಗುಜರಿ ತುಂಡಲ್ಲದೆ ಗುಂಡು ತುಂಬಿದ ಪಿಸ್ತೂಲೇ ಆಗಿದ್ದರೆ? ಬಸ್ಸಿನಲ್ಲಿ ಒಂದು ಕೈ ಮೇಲಿನ ಕಂಬಿಗೆ. ಇನ್ನೊಂದು ಕೈ ಟಿಕೆಟ್ಟಿಗೆ, ಚೀಲಕ್ಕೆ. ಪಿಸ್ತೂಲಿನ ಮೇಲೆ ಹಿಡಿತ ಇಡೋಕೆ ಮೂರನೇ ಕೈ ಬೇಕು. ಜೇಬುಗಳ್ಳರು ಬನಿಯನ್ನಿನ ಜೇಬಿನ ದುಡ್ಡನ್ನೇ ಬಿಡದ ಕಾಲದಲ್ಲಿ ಸೊಂಟದ ಮೇಲಿನ ಲಕ್ಷ ರೂಪಾಯಿ ಮಾಲು ಬಿಡ್ತಾರಾ? ಬರಿಗೈ ಕಳ್ಳನ ಕೈಗೆ ಪಿಸ್ತೂಲು ಕೊಟ್ಟವರು ಯಾರಾದ ಹಾಗಾಯಿತು?

ಬೇಲೂರಿನಲ್ಲಿ ಇನ್ನೊಂದು ಪೇಚು. ಚೆನ್ನಕೇಶವನ ದರ್ಶನಕ್ಕೆ ಹೋಗಬೇಕು. ಚಪ್ಪಲಿ ಬಿಡೋ ಜಾಗದಲ್ಲಿ ಚಪ್ಪಲಿ ಬಿಡಬಹುದು. ಪಿಸ್ತೂಲು ಬಿಟ್ಟು ಟೋಕನ್ ಇಸ್ಕೊಳ್ಳೋಕೆ ಆಗುತ್ತಾ? "ಹೊತ್ತವನ ಹಿಡಿತದಲ್ಲೇ ಇರಬೇಕು" ಅಂದ ಮೇಲೆ ಯಾರ ಕೈಗೂ ಕೊಡೋ ಹಾಗಿಲ್ಲ. ಸೊಂಟಕ್ಕೆ ಚರ್ಮವನ್ನೂ ಮಾರಕಾಯುಧವನ್ನೂ ಕಟ್ಟಿಕೊಂಡು ಗರ್ಭಗುಡಿಯ ಮುಂದೆ ಕೈ ಮುಗಿಯೋಕೆ ಮನಸ್ಸು ಒಪ್ಪುತ್ತಾ? ಪಿಸ್ತೂಲು ಇಟ್ಕೊಂಡವನು ದೇವರನ್ನ ಹೊರಗಿನಿಂದಲೇ ನೋಡಬೇಕು. ಬ್ಯಾಂಕು, ಕೋರ್ಟು, ಮಕ್ಕಳ ಸ್ಕೂಲು, ಬೀಗರ ಮನೆ, ಎಲ್ಲ ಕಡೆ ಇದೇ ಪ್ರಶ್ನೆ. ಚುನಾವಣೆ ಬಂತೆಂದರೆ ಅಧಿಕಾರಿಗಳು ಹೇಳಿದವರೆಲ್ಲ ಬಂದೂಕನ್ನ ಠಾಣೆಗೆ ಒಪ್ಪಿಸಿ ರಸೀತಿ ತರಬೇಕು. ತೋಟ ಕಾಯೋಕೆ ಕೋವಿ ಇಟ್ಟುಕೊಂಡಿರುವ ಬೇಲೂರು ಕಡೆಯ ರೈತರಿಗೆ ಈ ಓಡಾಟ ಚೆನ್ನಾಗಿ ಗೊತ್ತು.

ಕಾಣದ ಆಯುಧಕ್ಕೆ ಯಾರು ಹೆದರ್ತಾರೆ?

ಬೇಲೂರು ಹಳೇಬೀಡಿನ ಗೋಡೆಗಳನ್ನ ನೋಡಿ. ಯೋಧರ ಕೈಯಲ್ಲಿ ಕತ್ತಿ, ಬೇಟೆಗಾರ್ತಿಯ ಕೈಯಲ್ಲಿ ಬಿಲ್ಲು, ಸಳನ ಕೈಯಲ್ಲಿ ಆಯುಧ. ಯಾರೂ ಬಚ್ಚಿಟ್ಟಿಲ್ಲ. ಪಕ್ಕದ ಕೊಡಗಿನವರು ಇವತ್ತಿಗೂ ಕುಪ್ಪಸದ ಮೇಲೆ ಕಟ್ಟುವ ರೇಷ್ಮೆ ಚೇಲೆಗೆ ಪೀಚೆಕತ್ತಿ ಸಿಕ್ಕಿಸಿಕೊಳ್ಳೋದು ಎಲ್ಲರಿಗೂ ಕಾಣೋ ಹಾಗೆ. ಆಯುಧ ಕಂಡರೆ ಎದುರಿನವನು ಒಂದು ಹೆಜ್ಜೆ ಹಿಂದೆ ಇಡುತ್ತಾನೆ ಅನ್ನೋದೇ ಅದರ ಅರ್ಧ ಕೆಲಸ.

ಇವತ್ತಿನ ಕಾನೂನು ಅದಕ್ಕೆ ತದ್ವಿರುದ್ಧ. ಮುಚ್ಚಿಡಿ ಅನ್ನುತ್ತೆ. ಸರಿಯಾಗೇ ಹೇಳುತ್ತೆ, ಇಲ್ಲದಿದ್ದರೆ ಸಂತೆಯಲ್ಲಿ ಹತ್ತು ಜನ ಪಿಸ್ತೂಲು ತೋರಿಸಿಕೊಂಡು ಓಡಾಡಿದರೆ ನಾವು ನೀವು ಸೊಪ್ಪು ಕೊಳ್ಳೋಕೆ ಹೋಗೋದು ಹೇಗೆ? ಆದರೆ ಲೆಕ್ಕ ಹಾಕಿ. ಕಂಡರೆ ಕಾನೂನು ಬಿಡಲ್ಲ, ಕಾಣದಿದ್ದರೆ ಕಳ್ಳ ಹೆದರಲ್ಲ. ಶರಟಿನ ಕೆಳಗೆ ಏನಿದೆ ಅಂತ ಗೊತ್ತಿಲ್ಲದ ಕಳ್ಳ ಬಂದೇ ಬರುತ್ತಾನೆ, ಹಿಂದಿನಿಂದ ಬರುತ್ತಾನೆ, ಕತ್ತಲಲ್ಲಿ ಬರುತ್ತಾನೆ. ಆಗ ಉಳಿದಿರೋದು ಒಂದೇ: ಅವನಿಗಿಂತ ಬೇಗ ತೆಗೆಯೋದು.

ಅದನ್ನೂ ನೋಡಿದ್ದಾಯಿತು. ಪರಿಚಯದ ಅಂಗಡಿಯ ಹುಡುಗನಿಗೆ ಒಂದು ಎರಡು ಎಣಿಸು ಅಂತ ಹೇಳಿ, ಶರಟು ಎತ್ತಿ, ಒರೆಯ ಗುಂಡಿ ಬಿಚ್ಚಿ, ಕಬ್ಬಿಣದ ತುಂಡು ಕೈಗೆ ಬರೋ ಹೊತ್ತಿಗೆ ಅವನು ಆರು ಎಣಿಸಿದ್ದ. ಹತ್ತು ಸಲ ಮಾಡಿದರೂ ನಾಲ್ಕಕ್ಕಿಂತ ಕೆಳಗೆ ಬರಲಿಲ್ಲ. ಮಂಡಿ ಯಜಮಾನರೊಬ್ಬರು ಇದನ್ನೆಲ್ಲ ನೋಡ್ತಾ ಕೂತಿದ್ದವರು, "ಅಷ್ಟೊತ್ತಿಗೆ ಬ್ಯಾಗು ಕಡೂರು ದಾಟಿರುತ್ತೆ ಬಿಡಿ" ಅಂದರು. ಪಿಸ್ತೂಲಿನ ಆಸೆ ಮೊದಲು ಹೇಳಿದ್ದು ಅವರೇ!

ಒರೆಯ ಗುಟ್ಟು ಇಷ್ಟೇ ಓದುಗರೇ. ಮೈಗೆ ಹಿತವಾಗಿದ್ದರೆ ಕೈಗೆ ಸಿಗಲ್ಲ, ಕೈಗೆ ಬೇಗ ಸಿಗೋ ಹಾಗಿದ್ದರೆ ಮೈಗೆ ಹಿತವಾಗಿರಲ್ಲ. ಹಿತವಿಲ್ಲದ್ದನ್ನ ಮನುಷ್ಯ ಎರಡನೇ ವಾರಕ್ಕೆ ಬಿಚ್ಚಿ ಮೇಜಿನ ಖಾನೆಯಲ್ಲಿ ಇಡುತ್ತಾನೆ. ಖಾನೆಗೆ ಮನೆಯ ಮಕ್ಕಳ ಕೈ ಹೋಗುತ್ತೆ. ಮುಂದಿನದು ಹೇಳಬೇಕಾಗಿಲ್ಲ.

ಇನ್ನೊಂದನ್ನೂ ನೆನಪಿಸಬೇಕು. 2025ರ ನವೆಂಬರ್ 19ರಂದು ಬೆಂಗಳೂರಿನಲ್ಲಿ ಎಟಿಎಂ ದುಡ್ಡಿನ ವಾಹನದಿಂದ 7 ಕೋಟಿ ರೂಪಾಯಿಗೂ ಮೇಲೆ ದೋಚಿದರು. ಆ ವಾಹನದಲ್ಲಿ ಬಂದೂಕಿನ ಕಾವಲಿನವರೂ ಇದ್ದರು. ಬಂದವರು ರಿಸರ್ವ್ ಬ್ಯಾಂಕಿನವರು ಅಂತ ಸುಳ್ಳು ಹೇಳಿದ್ದೇ ಸಾಕಾಯಿತು. ನಮ್ಮ ಹಾಸನ ಪಟ್ಟಣದಲ್ಲೇ 2024ರ ಜೂನ್‌ನಲ್ಲಿ ಹಗಲು ಹೊತ್ತಲ್ಲಿ ಇಬ್ಬರು ಗುಂಡೇಟಿಗೆ ಸತ್ತರು. ಕೊಂದದ್ದು ದಾರಿಯ ದರೋಡೆಕೋರನಲ್ಲ, ಒಬ್ಬರನ್ನೊಬ್ಬರು ಬಲ್ಲ ವ್ಯವಹಾರಸ್ಥರು. ಸಿಟ್ಟಿನ ಹೊತ್ತಲ್ಲಿ ಸೊಂಟದಲ್ಲಿ ಏನೂ ಇಲ್ಲದವನು ಕೈ ಎತ್ತುತ್ತಾನೆ, ಬೈತಾನೆ, ಮನೆಗೆ ಹೋಗುತ್ತಾನೆ. ಬಾಕಿ ವಸೂಲಿಯ ಜಗಳ ನಮ್ಮ ಮಂಡಿಗಳಲ್ಲಿ ಎಷ್ಟಿಲ್ಲ?

ನಿಜವಾಗಿ ಬೇಕಾದವರಿಗೆ

ಹಾಗಂತ ಯಾರಿಗೂ ಬೇಡವೇ ಬೇಡ ಅನ್ನೋದು ಸರಿಯಲ್ಲ. ಜೀವ ಬೆದರಿಕೆ ಇರುವವರು ಇದ್ದಾರೆ. ಒಂಟಿ ಎಸ್ಟೇಟಿನಲ್ಲಿ ಇರುವವರು ಇದ್ದಾರೆ. ಅವರು ಕಾನೂನು ಪ್ರಕಾರ ತೊಗೊಳ್ಳಲಿ. ಅವರಿಗೆ ಐದು ದಿನದ ಅನುಭವದಿಂದ ಪುಕ್ಕಟೆ ಸಲಹೆ. ಪಿಸ್ತೂಲಿಗೆ ಲಕ್ಷ ಕೊಟ್ಟು ಒರೆಗೆ ಇನ್ನೂರು ರೂಪಾಯಿ ಕೊಡಬೇಡಿ. ಕುದುರೆ, ಅಂದರೆ ಟ್ರಿಗರು, ಪೂರ್ತಿ ಮುಚ್ಚುವ ಒರೆಯೇ ಬೇಕು. ಬಾಯಿ ಗಟ್ಟಿ ನಿಲ್ಲಬೇಕು, ಮೆತ್ತಗೆ ಮಡಚಿಕೊಂಡು ಟ್ರಿಗರಿಗೆ ತಾಗಬಾರದು. ಬೆಲ್ಟು ದಪ್ಪ ಇರಲಿ. ದಿನಾ ರಾತ್ರಿ ಬಿಚ್ಚಿ ಒರೆಸಿ, ಬೀಗದೊಳಗೆ ಇಡಿ. ಎಲ್ಲಕ್ಕಿಂತ ಮೊದಲು, ಅರ್ಜಿ ಹಾಕುವ ಮುಂಚೆ, ಅದೇ ತೂಕದ ಕಬ್ಬಿಣ ಹಾಕಿಕೊಂಡು ಒಂದು ವಾರ ಕಾಲ ನಿಮ್ಮ ಮಾಮೂಲು ಕೆಲಸ ಮಾಡಿ. ಊಟಕ್ಕೆ ಕೂರಿ, ಮೂಟೆ ಎಣಿಸಿ, ಬಸ್ ಹತ್ತಿ, ಮೊಮ್ಮಗುವನ್ನ ಸೊಂಟದ ಮೇಲೆ ಎತ್ಕೊಳ್ಳಿ. ಮಗುವನ್ನ ಯಾವ ಪಕ್ಕಕ್ಕೆ ಎತ್ಕೋಬೇಕು ಅಂತ ಯೋಚನೆ ಬಂತೋ, ಆಗ ಅರ್ಜಿ ಹಾಕಬೇಕೋ ಬೇಡವೋ ನೀವೇ ತೀರ್ಮಾನ ಮಾಡ್ತೀರಿ.

ಮಿಕ್ಕ ನಮ್ಮಂಥ ಸಾವಿರಾರು ಜನಕ್ಕೆ ಬೇಕಾದದ್ದು ಬೇರೆ. ದೊಡ್ಡ ಮೊತ್ತ ಬ್ಯಾಂಕಿನ ಮೇಲೆ ಹೋಗಲಿ, ಫೋನಿನ ಮೇಲೆ ಹೋಗಲಿ, ಚೀಲದಲ್ಲಿ ಹೋಗೋದು ಬೇಡ. ದುಡ್ಡು ಕಟ್ಟೋಕೆ ದಿನಾ ಒಂದೇ ಹೊತ್ತು, ಒಂದೇ ದಾರಿ, ಒಬ್ಬನೇ ಆಳು ಬೇಡ. ಅಕ್ಕಪಕ್ಕದ ನಾಲ್ಕು ಅಂಗಡಿಯವರು ಒಟ್ಟಿಗೆ ಬಾಗಿಲು ಹಾಕಿ ಒಟ್ಟಿಗೆ ನಡೆದರೆ ಖರ್ಚು ಸೊನ್ನೆ. ಅನುಮಾನ ಬಂದರೆ 112ಕ್ಕೆ ಫೋನು, ಅದೂ ಸೊನ್ನೆ.

ಇದರ ಜೊತೆಗೆ ಕೇಳಬೇಕಾದ ಕಡೆ ಒಟ್ಟಾಗಿ ಕೇಳಬೇಕು. ಮಂಡಿ ಮುಚ್ಚುವ ಹೊತ್ತಿಗೆ ಒಂದು ಗಸ್ತು. ಕಡೇ ಬಸ್ಸು ಇಳಿಯುವ ಕಡೆ ಉರಿಯೋ ದೀಪ. ಸಂತೆಯ ದಿನ ಇಬ್ಬರು ಪೊಲೀಸರು. ಬೆಂಗಳೂರಿನಲ್ಲಿ ಪೊಲೀಸ್ ಗಸ್ತಿನ ಗಾಡಿಗೆ 'ಹೊಯ್ಸಳ' ಅಂತಲೇ ಹೆಸರು. ಹೆಸರು ಕೊಟ್ಟ ಊರು ನಮ್ಮದು, ಗಸ್ತನ್ನೂ ಹಕ್ಕಿನಿಂದ ಕೇಳೋಣ. ವರ್ತಕರ ಸಂಘದವರು ಪಿಸ್ತೂಲಿನ ಹತ್ತು ಅರ್ಜಿ ಬರೆಯೋ ಬದಲು ಎಲ್ಲರ ಸಹಿ ಹಾಕಿ ಈ ಒಂದು ಅರ್ಜಿ ಬರೆಯಲಿ. ಆ ಕಾಗದದ ತೂಕ ಐದು ಗ್ರಾಂ. ಸೊಂಟಕ್ಕೆ ಒತ್ತಲ್ಲ.